ಚಿರತೆಗೊಂದು ಡಬ್ಬಿ, ಬೆಕ್ಕಿಗೊಂದು ಡಬ್ಬಿ

ಬೇರೆಯವರ ಗಂಡಂದಿರು ಹೂವು ತರುತ್ತಾರೆ, ನಮ್ಮವರು ಬೆಳಗಾದರೆ ಡಬ್ಬಿಯಲ್ಲಿ ಚಿರತೆಯ ಕಕ್ಕ ತರುತ್ತಾರೆ ಎಂದು ಹುಳದಕ್ಕ ನಗುತ್ತಿದ್ದಳು. ಮೃಗಾಲಯದ ಲ್ಯಾಬಿನಲ್ಲಿ ಪ್ರಾಣಿಗಳ ಮಲ ಪರೀಕ್ಷಿಸಿ ಹುಳ ಹುಡುಕುವುದು ಅವಳ ಕೆಲಸ. ಹಾಗಾಗಿ ಆ ಹೆಸರು. ಗಂಡ ಮುದಿ ಹೆಣ್ಣು ಚಿರತೆಯೊಂದನ್ನು ನೋಡಿಕೊಳ್ಳುವವನು. ಅದರ ಮೇಲೆ ಅವನಿಗೆ ಎಷ್ಟು ಜೀವವೆಂದರೆ, ಹುಳದಕ್ಕ ಅದಕ್ಕೆ ‘ನಿಮ್ಮಜ್ಜಿ’ ಎಂದೇ ಹೆಸರಿಟ್ಟಿದ್ದಳು. ಅವನೇನು ಕಮ್ಮಿಯೇ? ಉಗ್ರಾಣದ ಹಿಂದೆ ಸೇರಿಕೊಂಡಿದ್ದ ಬೀದಿಬೆಕ್ಕಿಗೆ ಹೆಂಡತಿ ದಿನವೂ ತನ್ನ ಊಟದಲ್ಲೇ ಎರಡು ತುತ್ತು ಹಾಕುವುದನ್ನು ಕಂಡು, ಅದನ್ನು ‘ನಿನ್ನ ತಂಗಿ’ ಎಂದು ಕರೆಯುತ್ತಿದ್ದ.

ಅಜ್ಜಿ ಸೊರಗತೊಡಗಿದಳು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜಂತುಹುಳದ ಮೊಟ್ಟೆಗಳು. ಔಷಧಿ ಕೊಟ್ಟರೆ ಹೋಗುತ್ತಿದ್ದವು, ಸ್ವಲ್ಪ ದಿನಕ್ಕೆ ಮತ್ತೆ ಹಾಜರ್. ಪಾಪ, ಮುದಿ ಜೀವ ಎಷ್ಟೂಂತ ತಡೆದೀತು? ಪಕ್ಕೆಲುಬು ಎದ್ದು ಕಾಣುವಂತಾಯಿತು. ಇತ್ತ ಗಂಡನಿಗೂ ಊಟ ಸೇರದಾಯಿತು. ಒಂದು ದಿನ ತಟ್ಟೆಯ ಮುಂದೆ ಕೂತವನು, ಇದೆಲ್ಲ ನಿನ್ನ ತಂಗಿಯದೇ ಕಿತಾಪತಿ ಎಂದು ರೇಗಿಬಿಟ್ಟ.

ಬೆಕ್ಕು ಆಗಷ್ಟೇ ಉಗ್ರಾಣದ ಹಿಂದೆ ಮರಿ ಹಾಕಿತ್ತು. ಪ್ರಾಣಿವೈದ್ಯರಿಗೂ ಅದರ ಮೇಲೆಯೇ ಅನುಮಾನ. ಬೆಕ್ಕಿನಲ್ಲೂ ಅದೇ ಹುಳ ಸಿಕ್ಕರೆ ಮರಿಗಳ ಸಮೇತ ಹಿಡಿಸಿ ಊರಾಚೆ ಬಿಡಿಸುತ್ತೇನೆ ಎಂದು ಹೇಳಿ, ಪರೀಕ್ಷೆಯನ್ನು ಹುಳದಕ್ಕನಿಗೇ ವಹಿಸಿದರು. ಮರಿಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಊರಾಚೆ ಅವು ಬದುಕುವುದುಂಟೇ?

ಬೆಕ್ಕಿನಲ್ಲೂ ಅವೇ ಮೊಟ್ಟೆಗಳಿದ್ದವು. ಇಲ್ಲ ಎಂದುಬಿಟ್ಟರೆ ಮರಿಗಳು ಉಳಿಯುತ್ತವೆ, ಅಜ್ಜಿ ಸಾಯುತ್ತಾಳೆ. ಆದರೆ ಬೋನಿನ ಜಾಲರಿಯಲ್ಲಿ ಇಲಿಮರಿಯೂ ನುಸುಳಲಾರದು. ಮೊಟ್ಟೆಗಳು ಒಳಗೆ ಹೋಗಲು ಅವಕ್ಕೇನು ರೆಕ್ಕೆ ಇದೆಯೇ?

ಅಂದು ಮಧ್ಯಾಹ್ನ ತುತ್ತು ತಿಂದ ಬೆಕ್ಕಿನ ಹಿಂದೆಯೇ ಹೋದಳು. ಅದು ಉಗ್ರಾಣದ ಹಿಂದಿನ ಮರಳುಗುಡ್ಡೆ ಹತ್ತಿ, ಗುಂಡಿ ತೋಡಿ, ಕೆಲಸ ಮುಗಿಸಿ, ಮರ್ಯಾದಸ್ಥೆಯ ಹಾಗೆ ಮುಚ್ಚಿ ಹೋಯಿತು. ಗುಡ್ಡೆಯ ಇನ್ನೊಂದು ಮಗ್ಗುಲಲ್ಲಿ ಗಂಡ ಬುಟ್ಟಿಗೆ ಮರಳು ತುಂಬುತ್ತಿದ್ದ. ಸಿಮೆಂಟು ನೆಲ ಅಜ್ಜಿಯ ಕೀಲುಗಳಿಗೆ ಒತ್ತುತ್ತದೆಂದು, ಯಾರೂ ಹೇಳದಿದ್ದರೂ ಅವನೇ ಆಗಾಗ ಹೊಸ ಮರಳು ಹಾಸುತ್ತಿದ್ದ.

ನನ್ನ ತಂಗಿಯನ್ನು ಅಂದಿರಲ್ಲ, ಈಗ ನೋಡಿ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅವನೋ, ಅಜ್ಜಿಗೆ ಚುಚ್ಚದಿರಲೆಂದು ಒಂದೊಂದೇ ಕಲ್ಲು ಆರಿಸುತ್ತಿದ್ದ. ಅವಳಿಗೆ ಸಂಕಟವಾಯಿತು. ಹೋಗಿ ಬುಟ್ಟಿ ಹಿಡಿದುಕೊಂಡಳು.

“ರೀ, ಹುಳ ಈ ಮರಳಲ್ಲೇ ಇದೆ. ಬೆಕ್ಕು ಇಲ್ಲೇ ಬಂದು ಕೂರುತ್ತೆ. ಅಜ್ಜಿ ಇದರ ಮೇಲೆ ಮಲಗಿ ಪಂಜ ನೆಕ್ಕಿಕೊಳ್ತಾಳೆ.”

ಅವನು ಕೈಯಲ್ಲಿದ್ದ ಕಲ್ಲನ್ನೇ ನೋಡುತ್ತ ನಿಂತ. “ಹಾಗಾದ್ರೆ ನಾನೇ ತಿನ್ನಿಸ್ತಿದ್ನಾ?”

“ಊಟ ಹಾಕಿ ಅದನ್ನ ಇಲ್ಲಿ ಉಳಿಸಿಕೊಂಡವಳು ನಾನು. ನೀವೊಬ್ಬರೇ ಹೊತ್ಕೋಬೇಡಿ.”

ಅವನಿಗೆ ಅಳು ಬಂತು, ಮುಚ್ಚಿಡಲಿಲ್ಲ. ಮುಖ ತೊಳೆದುಕೊಂಡು ತಾನೇ ವೈದ್ಯರ ಬಳಿ ಹೋಗಿ, ತಪ್ಪು ನಂದು, ಬೆಕ್ಕನ್ನು ಓಡಿಸಬೇಡಿ ಎಂದು ಕೇಳಿಕೊಂಡ. ಅವರು ಗೊಣಗಿದರು. ಕೊನೆಗೆ, ಎರಡಕ್ಕೂ ಔಷಧಿ ಕೊಡಿ, ಮುಂದಿನ ಪರೀಕ್ಷೆಯಲ್ಲಿ ಒಂದು ಮೊಟ್ಟೆ ಕಂಡರೂ ಬೆಕ್ಕು ಹೋಗಬೇಕು ಎಂದರು. ಹಳೆಯ ಮರಳೆಲ್ಲ ಹೊರಗೆ ಹೋಯಿತು, ಬೋನು ಕುದಿನೀರಿನಲ್ಲಿ ತೊಳೆದದ್ದಾಯಿತು. ಪರೀಕ್ಷೆಯಲ್ಲಿ ಹುಳ ಇಲ್ಲವೆಂದಾಗುವವರೆಗೆ ಹಾಸುವಂತಿಲ್ಲದೆ ಹೊಸ ಮರಳು ಟಾರ್ಪಾಲಿನ ಕೆಳಗೆ ಕಾಯುತ್ತಿತ್ತು. ಅಜ್ಜಿ ಮಾತ್ರ ಬರಿ ನೆಲದ ಮೇಲೆ ಮಗ್ಗುಲು ಬದಲಿಸುತ್ತ ನರಳುವಳು. ಗಂಡ ಅದನ್ನು ನೋಡಲಾರದೆ, ಮಾಂಸದ ಚೂರಿನಲ್ಲಿ ಮಾತ್ರೆ ಅಡಗಿಸಿ ಬೆಕ್ಕಿನ ಹಿಂದೆ ಅಲೆಯುವನು. ಕೈತುಂಬ ಪರಚಿಸಿಕೊಂಡು ಬರುವನು.

ಪರೀಕ್ಷೆಯ ದಿನ ಬೆಳಿಗ್ಗೆ ಎರಡು ಡಬ್ಬಿ ತಂದು ಮೇಜಿನ ಮೇಲಿಟ್ಟ.

“ಒಂದು ನಮ್ಮಜ್ಜೀದು. ಇನ್ನೊಂದು ನಮ್ಮ ನಾದಿನೀದು.”

ವಾಸನೆಗೆ ಹೆದರಿ ಲ್ಯಾಬಿನಲ್ಲಿ ಒಂದು ಗಳಿಗೆ ನಿಲ್ಲದವನು ಅಂದು ಬಾಗಿಲಿಗೊರಗಿ ನಿಂತೇ ಇದ್ದ. ಹುಳದಕ್ಕ ಒಂದನ್ನು ನೋಡಿದಳು. ಇನ್ನೊಂದನ್ನು ನೋಡಿದಳು. ನಂಬಿಕೆಯಾಗದೆ ಎರಡನ್ನೂ ಮತ್ತೆ ಮೊದಲಿನಿಂದ ನೋಡಿದಳು. ಆಮೇಲೆ ತಲೆಯೆತ್ತಿದಳು.

“ಹೋಗಿ, ಅಜ್ಜಿಗೆ ಮರಳು ಹಾಸಿ” ಎಂದಳು.