ದೂಜಪ್ಪನ ಹೊಲದ ಚರಗ

ಘಾಟ್ಕೋಪರಿನ ಆ ಚಾಳಿಗೆ ಚಳಿಗಾಲದ ಸುದ್ದಿಯೆಲ್ಲ ಬರುತ್ತಿದ್ದುದು ನಳದ ಹತ್ತಿರ. ದಾದರ್ ಮಾರ್ಕೆಟ್ಟಿಗೆ ಹಸಿ ಕಡಲೆ ಬಂದಿದೆಯಂತೆ. ಮಲ್ಲವ್ವನ ಮಗಳಿಗೆ ವಿಜಾಪುರದಲ್ಲಿ ಹೆಣ್ಣು ಹುಟ್ಟಿತಂತೆ. ರೇಶನ್ನಿನಲ್ಲಿ ಈ ಸಲವೂ ಕೆಂಪು ಜೋಳವೇ ಅಂತೆ. ಕೊಡ ತುಂಬುವಷ್ಟರಲ್ಲಿ ಊರಿನದೂ ಚಾಳಿನದೂ ಮುಗಿಯುತ್ತಿತ್ತು. ಶರಣವ್ವ ಕೇಳಿಸಿಕೊಂಡು, ಕೊಡ ಎತ್ತಿಕೊಂಡು ಮೇಲೆ ಹೋಗುತ್ತಿದ್ದಳು. ಧಾರವಾಡದಲ್ಲಿ ಎಂ.ಎ. ಮಾಡಿದ ಹುಡುಗಿ. ಗಂಡ ಸಂಗಪ್ಪ ಕಾಮಾಲೆಯಾಗಿ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಮಾತು ಮೊದಲೇ ಕಡಿಮೆ. ಈಗಂತೂ ಅವಳಿಂದ ಉತ್ತರ ಬರುತ್ತದೆಂದು ಯಾರೂ ಕಾಯುತ್ತಿರಲಿಲ್ಲ.

ಆ ವಾರದ ಒಂದು ಸುದ್ದಿ ಮಾತ್ರ ಯಾರಿಗೂ ಹಿಡಿಸಲಿಲ್ಲ. ದಹಿಸರಿನ ದೂಜ ಈ ಸಲ ಹೊಲಕ್ಕೆ ಬರಬೇಡಿ ಅಂದಿದ್ದ.

ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಬೇಕು. ಮಾಡಿದ ಅಡುಗೆಯಲ್ಲಿ ಇಷ್ಟಿಷ್ಟು ತೆಗೆದು ಕಲಸಿ, ಬೆಳೆಯ ನಡುವೆ ಭೂಮಿಗೆ ಎರಚಬೇಕು. ಅದೇ ಚರಗ. ಆಮೇಲೆ ಅಲ್ಲೇ ಕೂತು ಉಣ್ಣಬೇಕು. ಊರಲ್ಲಿ ಸರಿ, ಮುಂಬಯಿಯಲ್ಲಿ ಹೊಲ ಎಲ್ಲಿಂದ ತರುವುದು? ಹುಡುಕಿದವನು ಸಂಗಪ್ಪ. ದಹಿಸರಿನ ಹೊಳೆಯ ದಂಡೆಯಲ್ಲಿ ಕುಂದಾಪುರದ ಕಡೆಯ ದೂಜ ಒಂದು ತುಂಡು ಹೊಲ ಗುತ್ತಿಗೆ ಹಿಡಿದು ಮೂಲಂಗಿ, ಮೆಂತ್ಯ, ಬದನೆ ಬೆಳೆಯುತ್ತಿದ್ದ. ಕ್ರಿಸ್ತರವನು, ಆದರೂ ಚಾಳಿನವರ ಬಾಯಲ್ಲಿ ದೂಜಪ್ಪನಾಗಿದ್ದ. ಅಮಾವಾಸ್ಯೆ ಯಾವ ದಿನ ಬಂದರೂ ಚಾಳಿನ ಚರಗ ಮುಂದಿನ ರವಿವಾರವೇ; ಮಿಲ್ಲಿನವರಿಗೆ, ಆಫೀಸಿನವರಿಗೆ ಸೂಟಿ ಬೇಕಲ್ಲ. "ಭೂಮಿತಾಯಿಗೆ ರವಿವಾರ ಕಲಿಸಿದವ್ರು ನೀವss" ಎಂದು ಮುದುಕಿ ಬಸಲಿಂಗವ್ವ ಪ್ರತಿ ವರ್ಷ ಗೊಣಗುವಳು, ಪ್ರತಿ ವರ್ಷ ಎಲ್ಲರಿಗಿಂತ ಮೊದಲು ಬುಟ್ಟಿ ಕಟ್ಟುವಳು.

ಈ ಸಲ ಕೇಳಲು ಹೋದವನು ಕೆಳಗಿನ ಖೋಲಿಯ ನೀಲಕಂಠಪ್ಪ. "ಯಾಕ ಅಂದ್ರ ಹೇಳವಲ್ಲ. ಆಗೂದಿಲ್ಲ ಅಂದ, ಮೂಲಂಗಿ ಕೀಳಾಕ ಹತ್ತಿದ. ಬಾಡಿಗಿ ಕೊಡ್ತೀವಿ ಅಂದೆ. ಮಾರಿ ಸೈತ ನೋಡ್ಲಿಲ್ಲ."

"ಹೊಲಾ ಬಾಡಿಗಿಗೆ ಕೇಳಿ ಬಂದಾನ ನೋಡ್ರಿ, ಸೈಕಲ್ ಕೇಳಿದಂಗ" ಅಂದಳು ಬಸಲಿಂಗವ್ವ.

ಅವತ್ತೇ ಸಂಜೆ ಮುದುಕಿ ಮಹಡಿ ಹತ್ತಿ ಶರಣವ್ವನ ಹೊಸ್ತಿಲ ಮೇಲೆ ಕೂತಳು. "ನಾ ಹುಟ್ಟಿದಾಗಿಂದ ಚರಗ ತಪ್ಪಿಲ್ಲ. ನೀ ಹೋಗಿ ಕೇಳಿ ಬಾ."

"ನಾನ್ಯಾಕ, ಆಯಿ?"

"ನಿನಗ ಒಲ್ಲೆ ಅನ್ನಾಕ ಅವಂಗ ನಾಚಿಕಿ ಬರತೈತಿ."

ಪಕ್ಕದ ಖೋಲಿಯ ಜೈತುನಬಿ, ದರ್ಜಿ ಗನಿಸಾಬನ ಹೆಂಡತಿ, ಒಳಗಿನಿಂದಲೇ ನಕ್ಕಳು. "ನಡಿ ಶರಣಾ, ನಾನೂ ಬರ್ತೀನಿ. ನಾಚಿಕಿ ಬರದಿದ್ರ ನಾ ತರಸ್ತೀನಿ."

ಹೋಗದೆ ಇರುವುದು ಸುಲಭವಿತ್ತು. ಆದರೆ ಸಂಗಪ್ಪನ ಹೆಸರು ಚಾಳಿನಲ್ಲಿ ಬಾಯಿಂದ ಬಾಯಿಗೆ ಹೋಗುತ್ತಿದ್ದುದು ವರ್ಷಕ್ಕೊಮ್ಮೆ, ಈ ಹೊಲದ ನೆಪದಲ್ಲಿ. ಹೊಲ ಹೋದರೆ ಅದೂ ಹೋಗುತ್ತದೆ. ಶರಣವ್ವ ಮರುದಿನ ಆಫೀಸಿಗೆ ರಜೆ ಹಾಕಿದಳು.

ದಾದರಿನಲ್ಲಿ ಗಾಡಿ ಬದಲಾಯಿಸಿ ಇಬ್ಬರೂ ದಹಿಸರಿಗೆ ಹೋದರು. ದೂಜ ಹೊಳೆಯಲ್ಲಿ ಮೂಲಂಗಿ ತೊಳೆಯುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಸಂಗಪ್ಪನವರ ಮನೆಯವ್ರಲ್ವಾ? ಬನ್ನಿ, ಕೂತ್ಕೊಳ್ಳಿ."

ಬಾವಿಯ ಕಟ್ಟೆಯ ಮೇಲೆ ಕೂತರು. ದೂಜ ಕೈ ಒರೆಸಿಕೊಂಡು ಎದುರಿಗೆ ಬಂದು ನಿಂತ.

"ಅವರು ಹೋದದ್ದು ನನಗೆ ಗೊತ್ತಾದದ್ದು ಮೊನ್ನೆ, ಮಾರಾಯ್ರೇ. ಆ ನೀಲಕಂಠಪ್ಪನವರು ಮಾತಿನ ನಡುವೆ ಹೇಳಿದ್ರು. ಒಂದು ವರ್ಷ ನಾನು ಸಂಗಪ್ಪನ ಮೇಲೆ ಸಿಟ್ಟು ಮಾಡ್ಕೊಂಡಿದ್ದೆ. ಸತ್ತವರ ಮೇಲೆ."

"ಯಾಕ ಸಿಟ್ಟು?" ಜೈತುನಬಿ ಕೇಳಿದಳು.

"ರವಿವಾರ ನಾನು ಇಗರ್ಜಿಗೆ, ಅದೇ ಚರ್ಚಿಗೆ, ಹೋಗ್ತೇನೆ. ಬರುವಾಗ ಮಧ್ಯಾಹ್ನ ಕಳೀತದೆ. ಅಷ್ಟೊತ್ತಿಗೆ ನೀವೆಲ್ಲ ಉಂಡು ಗಾಡಿಗೆ ಹೋಗಿರ್ತೀರಿ. ಸಂಗಪ್ಪ ಮಾತ್ರ ಬುತ್ತಿ ಇಟ್ಕೊಂಡು ಈ ಕಟ್ಟೆಯಲ್ಲಿ ಕೂತಿರ್ತಿದ್ರು. ನಾನು ಬಂದ ಮೇಲೆಯೇ ಅವರ ಊಟ. ಹೋದ ವರ್ಷ ಬಂದು ನೋಡಿದ್ರೆ ಕಟ್ಟೆ ಖಾಲಿ. ಎಂಜಲೆಲೆ ಬಿದ್ದಿತ್ತು, ಮೆಂತ್ಯದ ಪಾತಿ ತುಳಿದಾಗಿತ್ತು. ಸತ್ತ ಸುದ್ದಿಯನ್ನಾದ್ರೂ ಒಬ್ಬರು ಹೇಳಬಾರದಾ?"

ಶರಣವ್ವನಿಗೆ ಇದು ಗೊತ್ತಿರಲಿಲ್ಲ. ಎಲೆ ಎತ್ತಿ ಬರ್ತೀನಿ, ನೀವು ನಡೀರಿ ಅನ್ನುತ್ತಿದ್ದ ಸಂಗಪ್ಪ. ಹೆಂಗಸರ ಜತೆ ಅವಳು ಗಾಡಿ ಹತ್ತುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಅವನು ಮನೆಗೆ ಬಂದರೆ, ಎಲೆ ಎತ್ತಲು ಇಷ್ಟು ಹೊತ್ತೇ ಎಂದು ಮುಖ ತಿರುಗಿಸುತ್ತಿದ್ದಳು. ಹೋದ ವರ್ಷದ ಚರಗಕ್ಕೆ ಅವಳು ಖೋಲಿ ಬಿಟ್ಟು ಹೊರಗೆ ಬಂದಿರಲಿಲ್ಲ.

"ನಿಮ್ಮ ಹೊಲದಾಗ ನಿಮ್ಮನ್ನ ಬಿಟ್ಟು ಉಂಡೀವಿ ಅಂದ್ರ, ಥೂ ನಮ್ಮ ಬಾಳೇಕ" ಅಂದಳು ಜೈತುನಬಿ.

"ಈ ಸಲ ನೀವು ಬರೂತನಕ ಯಾರೂ ಉಣ್ಣೂದಿಲ್ಲ" ಅಂದಳು ಶರಣವ್ವ.

ದೂಜ ನಕ್ಕ. "ಅಷ್ಟು ಜನ, ಮಕ್ಕಳು ಮರಿ. ಆಗುವ ಮಾತಾ?"

"ಆಗ್ತದ."

"ನೋಡುವಾ. ಆದ್ರೆ ಸರಿ. ಆಗದಿದ್ರೆ ಇದೇ ಕಡೆ ವರ್ಷ."

ರವಿವಾರ ಚಾಳು ಬುಟ್ಟಿಗಳ ಸಮೇತ ಬಂದಿಳಿಯಿತು. ಕಡಬು, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಎಲ್ಲ ಕಾಯಿಪಲ್ಲೆ ಕೂಡಿಸಿದ ಭಜ್ಜಿ. ಪಾತಿ ತುಳಿಯದ ಹಾಗೆ ಬದುವಿನ ಗುಂಟ ಕೂತರು. ಶರಣವ್ವ ಬುಟ್ಟಿಗಳನ್ನೆಲ್ಲ ಬಾವಿಕಟ್ಟೆಗೆ ತರಿಸಿ ಪಕ್ಕದಲ್ಲಿ ಕೂತಳು. ಮಕ್ಕಳ ಕೈಗೆ ಹಸಿ ಕಡಲೆ ಗಿಡ ಕೊಟ್ಟಳು.

ಬಿಸಿಲೇರಿತು. ಭಜ್ಜಿಯ ವಾಸನೆ ಬಟ್ಟೆ ದಾಟಿ ಬರತೊಡಗಿತು.

"ಪಾದ್ರಿ ಇವತ್ತ ಪುರಾಣ ಪೂರಾ ಮುಗಿಸಿಯೇ ಬಿಡಾಂವ ಕಾಣ್ತಾನ" ಅಂದ ನೀಲಕಂಠಪ್ಪ. ಇನ್ನೊಂದಷ್ಟು ಹೊತ್ತಿಗೆ, "ಚರಗ ಒಂದು ಚೆಲ್ಲಿ ಬಿಡೂಣ. ದೂಜಪ್ಪಂದು ಬ್ಯಾರೆ ತಗದಿಟ್ರ ಆತಲ್ಲ?"

ಯಾರೋ ಹೌದಂದರು. ಶರಣವ್ವ ಎದ್ದೇಳಲಿಲ್ಲ.

"ಮಾತು ಕೊಟ್ಟು ಬಂದೀನಿ, ಮಾವಾರ. ಹಸಿವಿ ತಡೀದವ್ರು ಸ್ಟೇಶನ್ನಿಗೆ ಹೋಗಿ ವಡಾ ತಿನ್ನಬಹುದು."

ಬದುವಿನ ಮೇಲಿದ್ದವರೆಲ್ಲ ಅವಳ ಕಡೆ ತಿರುಗಿದರು. ಇಷ್ಟು ಉದ್ದದ ಮಾತು ಅವಳ ಬಾಯಿಂದ ಯಾವಾಗ ಕೇಳಿದ್ದರೋ. ಬಸಲಿಂಗವ್ವ ಮೆಲ್ಲಗೆ ಹತ್ತಿರ ಸರಿದಳು.

"ಯವ್ವಾ, ನಂದು ಹಣ್ಣು ಜೀವ. ಒಂದು ಕಡಬು ಬಾಯಾಗ ಹಾಕ್ಕೊಂಡ್ರ ಯಾರು ನೋಡ್ತಾರ?"

"ನಾ ನೋಡ್ತೀನಿ."

ಜೈತುನಬಿ ಸೆರಗು ಬಾಯಿಗಿಟ್ಟು ನಕ್ಕಳು, ಅವಳ ಹಿಂದೆ ಉಳಿದವರು. ನೀಲಕಂಠಪ್ಪನೂ ಟವೆಲ್ ಹಾಸಿಕೊಂಡು ಮಲಗಿದ.

ನೆರಳು ವಾಲಿದ ಮೇಲೆ ಕಾಲುದಾರಿಯಲ್ಲಿ ಬಿಳಿ ಅಂಗಿ ಕಂಡಿತು. ದೂಜ ಬೇಗ ಬೇಗ ಬರುತ್ತಿದ್ದವನು, ಮುಚ್ಚಿದ ಬುಟ್ಟಿಗಳನ್ನು ನೋಡಿ ನಿಧಾನವಾದ. ಹತ್ತಿರ ಬಂದು ನಿಂತ.

"ಇನ್ನೂ ಉಣ್ಣಲಿಲ್ವಾ?"

"ನಿಮ್ಮ ದಾರಿ ನೋಡಿ ನೋಡಿ ನನ್ನ ಅರ್ಧ ಜೀವ ಹೋತು" ಅಂದಳು ಬಸಲಿಂಗವ್ವ. "ಕೈಕಾಲು ತೊಳಕೊಂಡು ಬರ್ರಿ ಲಗೂನ."

ನೀಲಕಂಠಪ್ಪ ಚರಗ ಎರಚುತ್ತ ಮುಂದೆ ನಡೆದ. ಹಿಂದೆ ನೀರು ಚಿಮುಕಿಸುವುದು ಹೊಲದವನ ಕೆಲಸ ಎಂದು ಮುದುಕಿ ತಂಬಿಗೆ ಕೊಟ್ಟಳು. ಇಗರ್ಜಿಯ ಅಂಗಿಯಲ್ಲೇ ದೂಜ ತನ್ನ ಬದನೆ, ಮೂಲಂಗಿಗಳ ನಡುವೆ ನೀರು ಚಿಮುಕಿಸಿಕೊಂಡು ಬಂದ.

ಶರಣವ್ವ ಅವನಿಗೆ ಬಡಿಸಿ, ತನಗೂ ಎಲೆ ಹಾಕಿಕೊಂಡು ಕೂತಳು. ಅವಳಿಗೂ ಹಸಿವಾಗಿತ್ತು. ರೇಶನ್ ಜೋಳದ ಕಡಬು ಗಟ್ಟಿಯಾಗಿತ್ತು. ಭಜ್ಜಿಯಲ್ಲಿ ಅದ್ದಿ ತಿಂದಳು.

ದೂಜ ಎರಡನೆಯ ಸಲ ಹೋಳಿಗೆ ಹಾಕಿಸಿಕೊಳ್ಳುತ್ತ, ಅರ್ಧ ಮಲಗಿದ್ದ ಬಸಲಿಂಗವ್ವನ ಕಡೆ ನೋಡಿದ. "ಮುಂದಿನ ವರ್ಷ ನಾನು ಇಗರ್ಜಿಯ ಬೆಳಗಿನ ಪೂಜೆಗೇ ಹೋಗಿ ಬರ್ತೇನೆ. ಈ ಅಜ್ಜಿ ನನ್ನ ಹೊಲದಲ್ಲಿ ಸಾಯುವುದು ಬೇಡ."

"ಬೆಳಗಿನ ಪೂಜಿನೂ ಇರತೈತೇನು?" ಮುದುಕಿ ಎದ್ದು ಕೂತಳು. "ಮೊದಲss ಯಾಕ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ" ಅಂದ ದೂಜ.