ಚಂದ್ರಮತಿಯಕ್ಕನ ಮೇಲೆ ಅನುಮಾನ

ನಮ್ಮ ಜಿನಶ್ರೀ ಹಗಲೆಲ್ಲ ತೀರ್ಥಹಳ್ಳಿಯ ಒಂದು ಲ್ಯಾಬಿನಲ್ಲಿ ಜನರ ರಕ್ತ ತೆಗೆಯುತ್ತಾಳೆ, ಸಂಜೆ ಮನೆಗೆ ಬಂದು ರಕ್ತಪಿಶಾಚಿಯ ಕಾದಂಬರಿ ಬರೆಯುತ್ತಾಳೆ. ಎರಡಕ್ಕೂ ಏನಾದರೂ ಸಂಬಂಧವಿದೆಯೇ ಎಂದು ಕೇಳಿದರೆ, "ಲ್ಯಾಬಲ್ಲಿ ಬರೀ ಶುಗರ್ ನೋಡೋದು ಅಜ್ಜಿ" ಎನ್ನುತ್ತಾಳೆ. ಅವಳು ನನ್ನ ತಮ್ಮನ ಮೊಮ್ಮಗಳು. ಅವಳು ಬರೆದದ್ದನ್ನು ಮನೆಯಲ್ಲಿ ಮೊದಲು ಓದುವವಳು ನಾನು.

ಕವಲೇದುರ್ಗದ ಕೋಟೆಯಲ್ಲಿ ಸಾಯದೆ ಉಳಿದುಬಿಟ್ಟ ಕಪಿಲರಾಯನೆಂಬ ರಕ್ತಪಿಶಾಚಿಯ ಕಥೆ ಅದು. ಅವನ ಜಾತಿಯವರಿಗೆ ಬಿಸಿಲು ಆಗುವುದಿಲ್ಲ, ಬೆಳ್ಳುಳ್ಳಿ ಆಗುವುದಿಲ್ಲ, ಮನೆಯವರು ಬಾ ಎಂದು ಕರೆಯದೆ ಹೊಸ್ತಿಲು ದಾಟುವುದೂ ಆಗುವುದಿಲ್ಲ. ನಾಲ್ಕನೆಯ ಪುಸ್ತಕ 'ಮೂರನೇ ಹಲ್ಲಿನ ಗುರುತು' ದೀಪಾವಳಿಗೆ ಬಂತು. ಕೋಟೆಯ ಕೆಳಗಿನ ಊರಿನಲ್ಲಿ ಯಾರೋ ಒಬ್ಬರು ಗುಟ್ಟಾಗಿ ಕಪಿಲರಾಯನ ಜಾತಿಗೆ ಸೇರಿದ್ದಾರೆ. ಅದು ಯಾರು ಎಂದು ಪತ್ತೆ ಮಾಡುವುದೇ ಕಥೆ. ಕೊನೆಗೆ ಅದು ಪೋಸ್ಟ್ ಮಾಸ್ಟರ್ ಎಂದು ತಿಳಿದಾಗ ನಾನು ಕಾಫಿಯನ್ನು ಸೀರೆಯ ಮೇಲೆ ಚೆಲ್ಲಿಕೊಂಡೆ. ಬಿ.ಎ. ಓದಿದವಳು ನಾನು, ಸುಳಿವೇ ಸಿಕ್ಕಿರಲಿಲ್ಲ!

ಅವಳ ಓದುಗರದೊಂದು ವಾಟ್ಸಾಪ್ ಗುಂಪು ಇದೆ. ಪುಸ್ತಕ ಬಂದ ಮೇಲೆ ಅದು ಕುಣಿಯುತ್ತಲೇ ಇತ್ತು, ಇವಳು ಮಾತ್ರ ಬಾಡುತ್ತಾ ಹೋದಳು. ಒಂದು ಸಂಜೆ ಅವಳು ಚಪಾತಿ ಹಿಟ್ಟು ನಾದುತ್ತಿದ್ದಳು, ನಾನು ಪಕ್ಕದಲ್ಲಿ ಕುಡಿಯುವ ನೀರನ್ನು ಸೋಸುತ್ತಿದ್ದೆ. ಫೋನು ಗುಂಯ್‌ಗುಟ್ಟಿತು. "ಅಜ್ಜಿ, ಅದನ್ನ ಆಫ್ ಮಾಡು" ಎಂದಳು. ನಾನು ಎಲ್ಲಿ ಒತ್ತಿದೆನೋ, ಅದು ಮಾತಾಡತೊಡಗಿತು.

"ಜಿನಶ್ರೀ, ನಾನು ಸಾಗರದಿಂದ ಮಹಾಲಕ್ಷ್ಮೀ. ಪೋಸ್ಟ್ ಮಾಸ್ಟರ್ ಅಂದ್ರೆ ನಾ ಒಪ್ಪೋದಿಲ್ಲ ಮಾರಾಯ್ತಿ. ಕೋಟೆ ಕೆಳಗಿನ ಆ ಅಜ್ಜಿ, ಚಂದ್ರಮತಿಯಕ್ಕನೇ ಪಿಶಾಚಿ! ಕತ್ತಲಾದ ಮೇಲೆ ಒಂದು ತುತ್ತು ತಿನ್ನಲ್ಲ. ಯಾಕೆ? ಹೊಟ್ಟೆ ಬೇರೆ ಕಡೆ ತುಂಬ್ತದೆ! ಬೆಳ್ಳುಳ್ಳಿ ಮುಟ್ಟಲ್ಲ. ನೀರನ್ನ ಬಟ್ಟೇಲಿ ಸೋಸ್ತಾಳೆ. ನೆಲ ನೋಡ್ಕಂಡು ಬೆಕ್ಕಿನ ಹಂಗೆ ಸದ್ದಿಲ್ದೇ ನಡೀತಾಳೆ. ಇಷ್ಟೆಲ್ಲ ಸುಳಿವು ಕೊಟ್ಟು ಕಡೆಗೆ ಪೋಸ್ಟ್ ಮಾಸ್ಟರ್ ಅಂದ್ರೆ ಮೋಸ ಅಲ್ದಾ?"

ಅದರ ಬೆನ್ನಿಗೇ ಗಂಡಸಿನ ದನಿ. "ಮೇಡಂ, ಹೊಸನಗರದ ಕೆರಿಯಪ್ಪ. ನಂದೂ ಅದೇ. ಬಸ್ಸಲ್ಲಿ ಟಿಕೆಟ್ ಹರಿದು ರಿಟೈರ್ ಆದೋನು ನಾನು, ಮುಖ ನೋಡಿದ್ರೇ ಗೊತ್ತಾಗ್ತದೆ. ಆ ಅಜ್ಜಿ ಟಿಕೆಟ್ ಇಲ್ದೇ ಹತ್ತಿರೋ ಗಿರಾಕಿ!"

ನಾನು ಕೈಯಲ್ಲಿದ್ದ ಸೋಸುವ ಬಟ್ಟೆಯನ್ನು ನೋಡಿದೆ. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

"ಜಿನಶ್ರೀ, ಇದು ನಾನಲ್ವೇನೇ?"

ಅವಳ ಕಣ್ಣು ತುಂಬಿತು. "ಬೇಕೂಂತ ಮಾಡಿಲ್ಲ ಅಜ್ಜಿ. ಕಥೆಗೆ ಒಬ್ಬಳು ಒಳ್ಳೇ ಅಜ್ಜಿ ಬೇಕಿತ್ತು. ಅಜ್ಜಿ ಅಂದ್ರೆ ಹಿಂಗೇ ಇರ್ತಾರೆ ಅಂದ್ಕೊಂಡೆ."

ಚಂದ್ರಮತಿಯಕ್ಕ ಜೈನರವಳು ಎಂದು ಇಡೀ ಪುಸ್ತಕದಲ್ಲಿ ಎಲ್ಲೂ ಇಲ್ಲ. ನಮ್ಮ ಮನೆಯಲ್ಲಿ ಹೊತ್ತು ಮುಳುಗುವ ಮುಂಚೆ ಎಲ್ಲರ ಊಟವೂ ಮುಗಿಯುತ್ತದೆ, ಬೆಳ್ಳುಳ್ಳಿ ಒಳಗೆ ಬರುವುದಿಲ್ಲ, ಹುಳ ಸಾಯಬಾರದೆಂದು ನೀರು ಸೋಸುತ್ತೇವೆ, ಇರುವೆ ತುಳಿಯಬಾರದೆಂದು ನೆಲ ನೋಡಿ ನಡೆಯುತ್ತೇವೆ. ಅದನ್ನು ಬಿಡಿಸಿ ಹೇಳಬೇಕೆಂದು ಅವಳಿಗೆ ಹೊಳೆಯಲಿಲ್ಲ. ಓದಿದ ನನಗಾದರೂ ಹೊಳೆಯಿತೇ? ಪುಸ್ತಕದಲ್ಲಿ ನೆಟ್ಟಗಿರುವವಳು ಅವಳೊಬ್ಬಳೇ ಎಂದುಕೊಂಡಿದ್ದೆ.

"ಮೂರು ತಾಲ್ಲೂಕಿನ ಜನ ನಿನ್ನ ರಕ್ತ ಕುಡಿಯೋಳು ಅಂತಿದಾರೆ" ಎಂದು ಮೂಗು ಒರೆಸಿಕೊಂಡಳು. ಮೂಗಿಗೆಲ್ಲ ಹಿಟ್ಟಾಯಿತು. "ಭಾನುವಾರ ಸಾಗರದಲ್ಲಿ ಮಹಾಲಕ್ಷ್ಮಕ್ಕನ ಮನೇಲಿ ಓದುಗರು ಸೇರ್ತಾರೆ. ಅಲ್ಲೇ ಹೇಳ್ಬಿಡ್ತೀನಿ. ಐದನೇ ಪುಸ್ತಕ ಇಲ್ಲ."

ಐದನೆಯದು ಇಲ್ಲದಿದ್ದರೆ ಹೇಗೆ? ನಾಲ್ಕನೆಯದು ಎಲ್ಲಿ ನಿಂತಿದೆ ಗೊತ್ತೇ? ಕಪಿಲರಾಯ ಚಂದ್ರಮತಿಯಕ್ಕನ ಹೊಸ್ತಿಲಿನಾಚೆ ನಿಂತು, "ಅಕ್ಕಾ, ಒಳಗೆ ಬರಲೇ?" ಎನ್ನುತ್ತಾನೆ. ಅಲ್ಲಿಗೆ ಪುಸ್ತಕ ಮುಗಿಯಿತು! ನನ್ನ ವಯಸ್ಸಿನವಳನ್ನು ಹಾಗೆ ಬಾಗಿಲಲ್ಲಿ ನಿಲ್ಲಿಸಿ ಹೋಗಬಹುದೇ?

"ನಾನೂ ಬರ್ತೀನಿ" ಎಂದೆ.

ಬಸ್ಸು ಹೊಸನಗರಕ್ಕೆ ಬಂದಾಗ ಕೆರಿಯಪ್ಪ ಹತ್ತಿದರು. ಜಿನಶ್ರೀಯ ಫೋಟೋ ಪುಸ್ತಕದ ಹಿಂದೆ ಇರುವುದರಿಂದ ಗುರುತು ಹಿಡಿದು ಕೈಮುಗಿದರು. ಆಮೇಲೆ ನನ್ನನ್ನು ನೋಡಿ, "ಅಮ್ಮಾ, ಮುಂದಿನ ತಿರುವಿಂದ ಬಿಸಿಲು ನಿಮ್ಮ ಕಡೆಗೇ ಬಡೀತದೆ. ಈ ಕಡೆ ಬಂದ್ಬಿಡಿ" ಎಂದು ತಮ್ಮ ಸೀಟು ಬಿಟ್ಟುಕೊಟ್ಟು ತಾವು ಬಿಸಿಲಿಗೆ ಕೂತರು.

"ಒಳ್ಳೇದಾಯ್ತಪ್ಪ. ನನಗೆ ಬಿಸಿಲು ಆಗಲ್ಲ" ಎಂದೆ.

ಜಿನಶ್ರೀ ನನ್ನ ತೊಡೆ ಚಿವುಟಿದಳು.

ಮಹಾಲಕ್ಷ್ಮಿಯ ಮನೆಯ ಹಾಲಿನಲ್ಲಿ ಓದುಗರು ಚಾಪೆಯ ತುಂಬ ಕೂತಿದ್ದರು. ಪೋಸ್ಟ್ ಮಾಸ್ಟರೇ ಸರಿ ಎಂದವರು ಒಬ್ಬರೇ, ಮಹಾಲಕ್ಷ್ಮಿಯ ಗಂಡ ಹೇರಂಬ. ಅವರು ಪುಸ್ತಕ ಓದಿಯೇ ಇರಲಿಲ್ಲವಂತೆ. ಹೆಂಡತಿಯ ಮಾತಿಗೆ ಎದುರಾಡಲು ಒಂದು ಅವಕಾಶ ಸಿಕ್ಕಿತೆಂದು ಹಾಗೆ ಹೇಳಿದರಂತೆ. ಜಿನಶ್ರೀ ಎರಡು ಸಲ ಎದ್ದು ನಿಂತಳು. ಎರಡು ಸಲವೂ ಗದ್ದಲದಲ್ಲಿ ಅವಳ ಮಾತು ಯಾರಿಗೂ ಕೇಳಿಸದೆ ಕೂತಳು.

ಬಿಸಿಲು ಇಳಿಯುತ್ತಿದ್ದಂತೆ ಮಹಾಲಕ್ಷ್ಮೀ ವಾದವನ್ನು ಅರ್ಧಕ್ಕೇ ಬಿಟ್ಟು ಬಂದು ನನ್ನ ಕೈ ಹಿಡಿದರು. "ಬನ್ನಿ ಅಮ್ಮಾ, ನಿಮ್ದೊಂದು ಮೊದಲು ಆಗ್ಲಿ."

ಊಟದ ಕೋಣೆಯಲ್ಲಿ ಒಂದೇ ಒಂದು ಬಾಳೆಲೆ ಹಾಕಿತ್ತು. ಬಿಸಿ ತೆಳ್ಳೇವು ದೋಸೆ, ತುಪ್ಪ, ಬೆಲ್ಲ, ಕಾಯಿ ಚಟ್ನಿ. ನಾನು ಏನನ್ನೂ ಕೇಳಿರಲಿಲ್ಲ.

"ಪಕ್ಕದ ಮನೆ ತ್ರಿಶಲಾನೂ ನಿಮ್ಮ ಹಂಗೇ ಜೈನರವಳು. ನೀವು ಬರ್ತೀರಿ ಅಂತ ಗೊತ್ತಾದ ಕೂಡ್ಲೇ ಅವ್ಳನ್ನ ಕೇಳ್ಕಂಡೆ. ಬೆಳ್ಳುಳ್ಳಿ ಹಾಕಿಲ್ಲ. ನೀರೂ ಸೋಸಿಟ್ಟಿದ್ದೇನೆ, ಹೊಸ ಬಟ್ಟೇಲಿ. ಹೊತ್ತು ಮುಳುಗೋದ್ರೊಳಗೆ ನಿಧಾನಕ್ಕೆ ಉಣ್ಣಿ."

ಬಡಿಸುತ್ತಲೇ ಬಾಗಿಲಿನಾಚೆಗೆ ಕೂಗಿದರು. "ಅಲ್ಲಾ ಕೆರಿಯಪ್ಪನವ್ರೇ, ನಾ ಹೇಳೋದು ಇಷ್ಟೇ! ಕತ್ತಲಾದ ಮೇಲೆ ಊಟ ಇಲ್ಲ, ಬೆಳ್ಳುಳ್ಳಿ ಇಲ್ಲ, ನೀರು ಸೋಸಿ..."

ತುಪ್ಪದ ಚಮಚ ಗಾಳಿಯಲ್ಲಿ ಹಾಗೇ ಉಳಿಯಿತು. ಅವರು ಎಲೆ ನೋಡಿದರು, ನೀರಿನ ಲೋಟ ನೋಡಿದರು, ನನ್ನನ್ನು ನೋಡಿದರು. ನಾನು ನಕ್ಕೆ. ನನಗೆ ಮೇಲೆ ಉಳಿದಿರುವುದು ಎರಡೇ ಹಲ್ಲು, ಅವೂ ಆಚೆಗೊಂದು ಈಚೆಗೊಂದು.

"ಅಯ್ಯಯ್ಯೋ! ಹೋಯ್, ಇಲ್ಲಿ ಬನ್ನಿ!" ಎಂದು ಗಂಡನನ್ನು ಕೂಗುವಾಗ ಅವರ ಮನೆಮಾತು ಹವಿಗನ್ನಡವೇ ಬಂತು. "ಚಂದ್ರಮತಿಯಕ್ಕ ಎಂಗಳ ಮನೇಲೇ ಕೂತ್ಗಂಡಿದ್ದು!"

ಇಡೀ ಕೂಟ ಬಾಗಿಲಿಗೆ ಬಂದು ಒತ್ತಿಕೊಂಡು ನಿಂತಿತು. ಮಹಾಲಕ್ಷ್ಮೀ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. "ನಿಮ್ಮನ್ನ ನಾ ಎಂತೆಲ್ಲಾ ಅಂದೆ ಅಮ್ಮಾ!" ಕೆರಿಯಪ್ಪ ನನ್ನ ಮುಖ ನೋಡಲಾರದೆ ತಲೆ ಎತ್ತಿ ಮನೆಯ ಮಾಡು ನೋಡುತ್ತಿದ್ದರು. ಈಗ ಸದ್ದಿಲ್ಲದ್ದರಿಂದ ಜಿನಶ್ರೀಯ ಮಾತು ಎಲ್ಲರಿಗೂ ಕೇಳಿಸಿತು.

"ತಪ್ಪು ನಂದು. ನಾನು ಇನ್ನು ಬರೆಯಲ್ಲ."

"ಕೂತ್ಕೊಳ್ಳೇ" ಎಂದೆ ನಾನು. "ನನಗೆ ಬೇಜಾರಾಗಿದೆ ಅಂತ ನಿನಗ್ಯಾರು ಹೇಳಿದ್ರು? ಇಷ್ಟು ವರ್ಷ ನನ್ನ ಕಂಡು ಒಂದು ಇರುವೆ ಸಹ ಹೆದರಿಲ್ಲ. ಈಗ ಮೂರು ತಾಲ್ಲೂಕು ಹೆದರಿದೆ! ಈ ಖುಷಿ ಕೊಟ್ಟು ಈಗ ನಿಲ್ಲಿಸ್ತೀನಿ ಅಂತೀಯಲ್ಲ? ಕಪಿಲರಾಯ ಇನ್ನೂ ಹೊಸ್ತಿಲಲ್ಲೇ ಇದಾನೆ. ಅವನನ್ನ ಒಳಗೆ ಕರೀಬೇಕೋ ಬೇಡ್ವೋ?"

"ಕರೀಬೇಡಿ ಅಮ್ಮಾ!" ಎಂದರು ಕೆರಿಯಪ್ಪ.

"ಮನೆ ಬಾಗಿಲಿಗೆ ಬಂದೋರನ್ನ ಕರೀದೇ ಇರೋಕಾಗ್ತದಾ?" ಎಂದರು ಮಹಾಲಕ್ಷ್ಮೀ, ಸೆರಗಿನೊಳಗಿಂದಲೇ.

"ಕರೆಯೋಣ" ಎಂದೆ. "ಬಾರಪ್ಪ, ಕೂತ್ಕೋ ಅನ್ನೋಣ. ಆದ್ರೆ ನಮ್ಮನೇಲಿ ಹೊತ್ತು ಮುಳುಗಿದ ಮೇಲೆ ಯಾರೂ ಏನೂ ಬಾಯಿಗೆ ಹಾಕೋ ಹಾಗಿಲ್ಲ. ಪಾಪ, ಅವನು ಏಳೋದೇ ಹೊತ್ತು ಮುಳುಗಿದ ಮೇಲೆ."

ಮೊದಲು ಹೊಳೆದದ್ದು ಕೆರಿಯಪ್ಪನವರಿಗೆ. "ಅಂದ್ರೆ... ಉಪವಾಸ!" ಎಂದು ಬಾಗಿಲ ಚೌಕಟ್ಟು ಬಡಿದು ನಕ್ಕರು. ಹೇರಂಬ ನಕ್ಕು ನಕ್ಕು ನೆಲಕ್ಕೆ ಕೂತರು. ಪುಸ್ತಕವನ್ನು ಈ ದಿನವೇ ಓದುತ್ತೇನೆಂದು ಹೆಂಡತಿಗೆ ಮಾತು ಕೊಟ್ಟರು.

ಜಿನಶ್ರೀ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ಅಜ್ಜಿ, ಹಸಿವು ತಡೀಲಾರ್ದೆ ಅವನು ಹಗಲು ಹೊತ್ತಲ್ಲೇ ಎದ್ದು ಬಂದ್ರೆ?"

"ಬರ್ಲಿ. ಬಿಸಿಲು ಯಾವ ಕಡೆ ಬಡೀತದೆ ಅಂತ ಕೆರಿಯಪ್ಪನವರು ಹೇಳ್ತಾರೆ. ಆ ಕಡೆ ಸೀಟು ಕೊಡೋದು ಬೇಡ."

ಅವಳು ಅಲ್ಲೇ ಗೋಡೆಗೊರಗಿ ಕೂತು ಫೋನಿನಲ್ಲಿ ಟೈಪ್ ಮಾಡತೊಡಗಿದಳು. ಮಹಾಲಕ್ಷ್ಮೀ ಸೆರಗು ಸರಿಸಿ ಕಿಟಕಿಯಲ್ಲಿ ಇಣುಕಿದರು.

"ಇನ್ನೂ ಹೊತ್ತಿದೆ ಅಮ್ಮಾ. ಇನ್ನೊಂದು ಹಾಕ್ಲಾ?"

ನಾನು ಎರಡೂ ಹಲ್ಲು ಕಾಣುವಂತೆ ನಕ್ಕು, ಎಲೆಯನ್ನು ಮುಂದಕ್ಕೆ ಸರಿಸಿದೆ.