ಕೀ ಇಲ್ಲದ ಗಾಡಿ

ನನಗೆ ಬೇಕಾಗಿದ್ದದ್ದು ಬಟನ್ ಒತ್ತಿದರೆ ಸ್ಟಾರ್ಟ್ ಆಗುವ ಕಾರು. ಬಣ್ಣ, ಮೈಲೇಜು ಯಾವುದೂ ಮುಖ್ಯವಾಗಿರಲಿಲ್ಲ. ಬೊಮ್ಮನಹಳ್ಳಿ ಸಿಗ್ನಲ್ ಬಳಿ ಒಬ್ಬ ಡ್ರೈವರಿಗೆ ಜನ ಹೊಡೆಯುವುದನ್ನು ಕಂಪನಿ ಬಸ್ಸಿನ ಕಿಟಕಿಯಿಂದ ನೋಡಿದ್ದೆ. ಮೊದಲು ಒಂದು ಕೈ ಕಾರಿನೊಳಗೆ ತೂರಿ ಕೀ ಕಿತ್ತುಕೊಂಡಿತು. ಹೊಡೆತ ಶುರುವಾದದ್ದು ಆಮೇಲೆ.

ದೊಡ್ಡನೆಕ್ಕುಂದಿಯಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಮಾರುವ ದೊಡ್ಡಮುನಿಯಪ್ಪ ಇದನ್ನು ಕೇಳಿ ನಕ್ಕರು. "ಕೀ ಕಿತ್ಕೋತಾರೆ ಅಂತ ಗಾಡಿ ಹುಡುಕೋರನ್ನ ಇವತ್ತೇ ಕಣಮ್ಮ ನೋಡಿದ್ದು. ಲೇ ಬಸಲಿಂಗ, ಆ ಬಿಳಿ ಗಾಡಿ ತೋರ್ಸೋ."

ಬಸಲಿಂಗ ಅವರ ಹತ್ತಿರ ಕೆಲಸಕ್ಕಿದ್ದ ಬಾಗಲಕೋಟೆ ಕಡೆಯವನು. "ಕೀ ನನ್ನ ಕಿಸೆದಾಗ ಐತ್ರಿ. ಕೀ ಗಾಡಿ ಒಳಗ ಇದ್ರ ಸಾಕು, ಗುಂಡಿ ಒತ್ತಿದ್ರ ಚಾಲೂ ಆಗತೈತಿ."

ಬಸಲಿಂಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ ನೋಡಲು ಹೊರಟೆ. ಗೇಟು ದಾಟುವ ಮೊದಲೇ ಮೂರು ಸಲ ಎಂಜಿನ್ ಆಫ್ ಮಾಡಿಕೊಂಡೆ. ಲೈಸೆನ್ಸ್ ಬಂದು ತಿಂಗಳಾಗಿದ್ದರೂ ಕ್ಲಚ್ ನನಗೆ ಒಲಿದಿರಲಿಲ್ಲ.

"ಮೇಡಮ್ಮಾರ, ಕ್ಲಚ್ ಏನು ಚೇಳೇನ್ರಿ? ಕಚ್ಚಂಗಿಲ್ಲ, ಸಾವಕಾಶ ಬಿಡ್ರಿ."

ಕಾರ್ಖಾನೆಗಳ ಹಿಂದಿನ ರಸ್ತೆಯಲ್ಲಿ, ರಾಂಗ್ ಸೈಡಿನಿಂದ ನುಗ್ಗಿದ ಬೈಕೊಂದು ನಮ್ಮ ಕನ್ನಡಿಗೆ ತಗುಲಿ ವಾಲಿ ಬಿತ್ತು. ಇಬ್ಬರು ಎದ್ದು ಬಂದರು. ಗಡ್ಡದವನು ಹೆಲ್ಮೆಟ್ಟಿನಿಂದ ಬಾನೆಟ್ಟಿಗೆ ಬಡಿದ. "ಇಳಿಯೇ ಕೆಳಗೆ!"

ಬಾಗಿಲು ಲಾಕ್ ಆಗಿತ್ತು. ಬಸಲಿಂಗ ಅದನ್ನು ತೆಗೆದ. "ನೀವು ಇಳೀಬ್ಯಾಡ್ರಿ. ನಾ ಮಾತಾಡ್ತೀನಿ." ಅವನು ಇಳಿದ ತಕ್ಷಣ ನಾನು ಮತ್ತೆ ಲಾಕ್ ಒತ್ತಿದೆ.

"ಅಣ್ಣಾ, ಹೆಣ್ಮಗಳು ಹೊಸದಾಗಿ ಕಲ್ತಾಳ..." ಎಂದು ಅವನು ಕೈಮುಗಿಯುತ್ತಿದ್ದಂತೆ ಹೆಲ್ಮೆಟ್ ಅವನ ಬಾಯಿಗೆ ಅಪ್ಪಳಿಸಿತು. ಗಾಜಿಗೆ ರಕ್ತ ಸಿಡಿಯಿತು. ಅವನು ಕಾರಿನ ಮುಂದೆಯೇ ಬಿದ್ದ. ಇನ್ನೊಬ್ಬ ಪಕ್ಕೆಗೆ ಒದೆಯತೊಡಗಿದ. ಪ್ರತಿ ಒದೆತಕ್ಕೂ ಬಸಲಿಂಗನ ತಲೆ ರಸ್ತೆಗೆ ಬಡಿಯುತ್ತಿತ್ತು. ಆಚೆ ಟೀ ಅಂಗಡಿಯವರು ಮೊಬೈಲ್ ಎತ್ತಿ ಹಿಡಿದಿದ್ದರು.

ಕಾರು ಟೀಂ ಟೀಂ ಎನ್ನುತ್ತಿತ್ತು. ಪರದೆಯ ಮೇಲೆ, ಕೀ ಒಳಗಿಲ್ಲ ಎಂಬ ಸೂಚನೆ. ಕೀ ಅವನ ಕಿಸೆಯಲ್ಲಿತ್ತು. ಎಂಜಿನ್ ಓಡುತ್ತಿತ್ತು, ಒಮ್ಮೆ ಆಫ್ ಆದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ ಎಂದು ನನಗೆ ಅರ್ಥವಾಯಿತು.

ಹಾರ್ನ್ ಒತ್ತಿ ಹಿಡಿದೆ. ಯಾರೂ ತಿರುಗಲಿಲ್ಲ. ಗಡ್ಡದವನು ಚರಂಡಿ ಪಕ್ಕದ ಸೈಜುಗಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದ. ನನಗೆ ಬೆನ್ನು ಹಾಕಿ, ನನ್ನ ಬಲಗಡೆಯ ಚಕ್ರದ ಮುಂದೆ ನಿಂತು, ಕಲ್ಲನ್ನು ತಲೆಯೆತ್ತರಕ್ಕೆ ಎತ್ತಿದ. ಅದರ ಕೆಳಗೆ, ಸ್ವಲ್ಪ ಎಡಕ್ಕೆ, ಬಸಲಿಂಗನ ಮುಖವಿತ್ತು.

ಫಸ್ಟ್ ಗೇರ್ ಹಾಕಿ, ಸ್ಟೇರಿಂಗ್ ಬಲಕ್ಕೆ ತಿರುಗಿಸಿದೆ. ಕ್ಲಚ್ಚನ್ನು ಸಾವಕಾಶ ಬಿಟ್ಟೆ.

ಆಫ್ ಆಗಲಿಲ್ಲ. ಚಕ್ರ ಏನನ್ನೋ ಹತ್ತಿ ಇಳಿಯಿತು. ಒಣ ಸೌದೆ ಮುರಿದ ಸದ್ದು, ಆಮೇಲೆ ಗಡ್ಡದವನ ಕೂಗು. ಕಲ್ಲು ಬಾನೆಟ್ಟಿನ ಮೇಲೆ ಬಿದ್ದು ಉರುಳಿತು. ಅವನ ಜೊತೆಗಾರ ಅವನತ್ತ ಓಡಿದ. ನಾನು ಎಡಬಾಗಿಲು ತೆಗೆದೆ. ಬಸಲಿಂಗ ತೆವಳುತ್ತ ಬಂದು ಸೀಟಿಗೆ ಒರಗಿದ. ಟೀಂ ಟೀಂ ನಿಂತಿತು.

ನೇರ ಪೊಲೀಸ್ ಸ್ಟೇಷನ್ನಿಗೆ ಹೋದೆ. ಆಂಬ್ಯುಲೆನ್ಸ್ ಕರೆಸಿ ಎಂದೆ, ಬಸಲಿಂಗನಿಗೂ, ಅಲ್ಲಿ ಬಿದ್ದಿದ್ದ ಗಡ್ಡದವನಿಗೂ. ಹೊಸ ಡ್ರೈವರು, ಕ್ಲಚ್ಚಿನಿಂದ ಕಾಲು ಜಾರಿರಬೇಕು ಎಂದರು ಅಲ್ಲಿದ್ದ ಸಾಹೇಬರು. ಜಾರಲಿಲ್ಲ ಎಂದೆ.

ಪೊಲೀಸರು ಗಾಡಿ ಬಿಟ್ಟುಕೊಟ್ಟ ಮೇಲೆ ಅದನ್ನೇ ಕೊಂಡೆ. ಯಾಕೆ ಎಂದು ಮನೆಯಲ್ಲಿ ಕೇಳಿದರು. ಅವತ್ತು ಅದು ಆಫ್ ಆಗಲಿಲ್ಲ ಎಂದಷ್ಟೇ ಹೇಳಿದೆ.

ಪೂಜೆಯ ದಿನ ದೊಡ್ಡಮುನಿಯಪ್ಪ ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಮುಂದಿನ ಹಲ್ಲಿಲ್ಲದ, ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡ ಬಸಲಿಂಗ ಪಕ್ಕದಲ್ಲಿ ಕೂತಿದ್ದ. ಕೀ ಈಗ ನನ್ನ ಬ್ಯಾಗಿನಲ್ಲಿತ್ತು.

"ಹತ್ತಿಸಿ ಮೇಡಂ, ಒಂದೇ ಸಲ!" ಎಂದರು ದೊಡ್ಡಮುನಿಯಪ್ಪ.

ಎಂಜಿನ್ ಆಫ್ ಆಯಿತು. ಮತ್ತೆ ಸ್ಟಾರ್ಟ್ ಮಾಡಿದೆ. ಮತ್ತೆ ಆಫ್.

"ಅಯ್ಯೋ, ಅವತ್ತು ಮನುಷ್ಯನ ಕಾಲ್ ಮೇಲೇ ಹತ್ತಿಸಿಬಿಟ್ರಿ, ಇವತ್ತು ನಿಂಬೆಹಣ್ಣಿಗೆ ಹೆದರ್ಕೊಂಡ್ರಾ?" ಎಂದರು ಅವರು.

ಎಲ್ಲರೂ ನಕ್ಕರು. ಬಸಲಿಂಗ ನಗಲಿಲ್ಲ. ಪಕ್ಕೆ ಹಿಡಿದುಕೊಂಡು ಇಳಿದು, ಮುಂದಿನಿಂದ ಸುತ್ತಿ ಬಂದು, ಬಲಗಡೆಯ ಚಕ್ರದ ಮುಂದೆ ಬಗ್ಗಿದ. ನಿಂಬೆಹಣ್ಣನ್ನು ಎತ್ತಿ ಕಿಸೆಗೆ ಹಾಕಿಕೊಂಡು ಪಕ್ಕಕ್ಕೆ ಸರಿದು ನಿಂತ.

"ಈಗ ಬಿಡ್ರಿ," ಎಂದ.